ಪಿಟೀಲಿಗೆ ಹೂಂಗುಟ್ಟಿದವರು

ನನಗೊಂದು ಚಟವಿದೆ. ಯಾರು ಮಾತಾಡಿದರೂ ನಾನು ಹೂಂಗುಟ್ಟುತ್ತೇನೆ. ಎದುರಿಗಿದ್ದವರು ಎರಡು ಮಾತು ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನನ್ನ ಕಡೆಯಿಂದ ಒಂದು ‘ಹೂಂ’ ಹೊರಟಿರುತ್ತದೆ. ಫೋನಿನಲ್ಲಂತೂ ಕೇಳಲೇಬೇಡಿ. ಗ್ಯಾಸ್ ಬುಕ್ ಮಾಡುವಾಗ ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎನ್ನುತ್ತಾಳಲ್ಲ, ಆ ರೆಕಾರ್ಡಿನ ಹೆಂಗಸಿಗೂ ಹೂಂ ಎಂದು ಆಮೇಲೆ ಎರಡನ್ನು ಒತ್ತುತ್ತೇನೆ. ನಮ್ಮ ಯಜಮಾನರು ಇದನ್ನು ನೆಂಟರಿಗೆಲ್ಲ ಹೇಳಿಕೊಂಡು ನಗುತ್ತಾರೆ. ನಗಲಿ. ಮದುವೆಯಾದಾಗಿನಿಂದ ಅವರು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತ ಬಂದವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಹೂಂ ಅಂದದ್ದನ್ನೆಲ್ಲ ಮಾಡಿದ್ದೇನೆಯೇ ಎಂಬುದು ಬೇರೆ ವಿಷಯ.

ಈ ಚಟ ಹತ್ತಿಸಿದವಳು ನಮ್ಮಜ್ಜಿ. ಅವಳು ಕಥೆ ಹೇಳಬೇಕಾದರೆ ಒಬ್ಬರು ಹೂಂಗುಟ್ಟಲೇಬೇಕಿತ್ತು. ಮೊಮ್ಮಕ್ಕಳಲ್ಲಿ ದಿನಕ್ಕೊಬ್ಬರಿಗೆ ಆ ಕೆಲಸ. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ರಾಜಕುಮಾರಿ ಬಾವಿಯ ಅಂಚಿನಲ್ಲಿದ್ದರೂ ಸರಿ, ಅಲ್ಲಿಗೇ ಬಿಟ್ಟು ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಕೂತುಬಿಡುತ್ತಿದ್ದಳು. ಇದು ನಮ್ಮಜ್ಜಿಯೊಬ್ಬಳ ಹಟವಲ್ಲ, ನಮ್ಮ ಕಡೆಯ ಪದ್ಧತಿಯೇ ಹಾಗೆ. ಸೋಬಾನೆಯಲ್ಲಿ ಒಬ್ಬಳು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯಬೇಕು. ತಮಟೆಯವನಿಗೆ ಎದುರಿಗೆ ನಾಲ್ಕು ಕಾಲು ಕುಣಿಯದಿದ್ದರೆ ಕೈಯೇ ಏಳುವುದಿಲ್ಲ. ನೀವು ಪುರಾಣಗಳನ್ನೇ ತೆಗೆದು ನೋಡಿ, ಹೇಳುವ ಋಷಿ ಒಬ್ಬನಿದ್ದರೆ ಎದುರಿಗೆ ‘ಆಮೇಲೇನಾಯಿತು, ವಿಸ್ತಾರವಾಗಿ ಹೇಳಿ’ ಎಂದು ಕೇಳುವ ರಾಜ ಒಬ್ಬ ಇದ್ದೇ ಇರುತ್ತಾನೆ. ಆ ರಾಜನಿಗೆ ರಾಜ್ಯಭಾರ ಇರಲಿಲ್ಲವೇ ಎಂದು ನಾನು ಚಿಕ್ಕಂದಿನಲ್ಲಿ ಯೋಚಿಸಿದ್ದುಂಟು. ಕೇಳುವುದೂ ಒಂದು ಕೆಲಸ, ಅದನ್ನು ದೊಡ್ಡವರೇ ಮಾಡಬೇಕು ಎಂದು ಈಗ ಅನಿಸುತ್ತದೆ.

ಇಷ್ಟೆಲ್ಲ ಗೊತ್ತಿದ್ದವಳು ಕಳೆದ ಜನವರಿಯಲ್ಲಿ ಒಂದು ಮಗುವನ್ನು ಹೂಂ ಅಂದದ್ದಕ್ಕೆ ಬೈದೆ. ಅದನ್ನು ಹೇಳಿಕೊಳ್ಳಲೆಂದೇ ಇಷ್ಟು ಸುತ್ತು ಬಳಸಿದ್ದು.

ನಾನು ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರು. ಬೆಂಗಳೂರಿನ ಒಂದು ವಾದ್ಯವೃಂದದವರು ಹಳ್ಳಿ ಮಕ್ಕಳಿಗೆ ಪಾಶ್ಚಾತ್ಯ ಸಂಗೀತವನ್ನು ಎದುರಿಗೇ ಕೂರಿಸಿ ಕೇಳಿಸಬೇಕೆಂದು ನಮ್ಮ ಸೀಮೆಗೆ ಹೊರಟಿದ್ದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ಕೊನೆಗೆ ನಾಗಮಂಗಲ. ನಲವತ್ತು ಜನ, ಎರಡು ಬಸ್ಸು, ಒಂದು ಲಾರಿ ತುಂಬ ಪಿಟೀಲು, ಕೊಳಲು, ಕಹಳೆ. ಆದರೆ ಅದಕ್ಕೂ ಮೊದಲು ಇನ್ನೆಲ್ಲೋ ಒಂದು ಊರಿನಲ್ಲಿ ಹುಡುಗರು ಶಿಳ್ಳೆ ಹೊಡೆದು ‘ಡ್ಯಾನ್ಸ್ ಹಾಕ್ರಣ್ಣ’ ಎಂದು ಕೂಗಿದರಂತೆ. ಹುಡುಗರದೇನು ತಪ್ಪು? ನಮ್ಮಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಮುಂದೆ ಮಿಂಚುವ ಕೋಟು ಹಾಕಿಕೊಂಡು ಸಿನಿಮಾ ಹಾಡು ಹೇಳುವುದು. ಪಿಟೀಲಿನವರಿಗೆ ಮಾತ್ರ ಬಹಳ ನೋವಾಗಿತ್ತು. ತಂಡದ ನಿರ್ದೇಶಕರು, ನಮ್ಮ ಕಡೆಯ ಏರ್ಪಾಡಿನ ಉಸ್ತುವಾರಿ ಹೊತ್ತಿದ್ದ ನನಗೆ ಫೋನ್ ಮಾಡಿ ಮೆತ್ತಗೆ, ಆದರೆ ಖಡಾಖಂಡಿತವಾಗಿ ಹೇಳಿದರು: ಮಕ್ಕಳು ಒಂದು ಗಂಟೆ ಗಲಾಟೆಯಿಲ್ಲದೆ ಕೇಳಿದರೆ ವರ್ಷಾ ವರ್ಷಾ ಬರುತ್ತೇವೆ, ಇನ್ನೊಂದು ಸಲ ಹಾಗಾದರೆ ಈ ಪ್ರವಾಸವನ್ನೇ ನಿಲ್ಲಿಸುತ್ತೇವೆ. ನಾನು ಎಂದಿನಂತೆ ಹೂಂ ಅಂದೆ.

ಅಂದದ್ದೇನೋ ಅಂದುಬಿಟ್ಟೆ. ನನಗೆ ಆ ಸಂಗೀತದ ಗಂಧಗಾಳಿಯಿಲ್ಲ. ಮೊಬೈಲಿನಲ್ಲಿ ಹುಡುಕಿ ಓದಿದೆ. ಒಂದು ಕೃತಿಗೆ ನಾಲ್ಕು ಭಾಗ ಇರುತ್ತದಂತೆ, ನಡುನಡುವೆ ಚಪ್ಪಾಳೆ ತಟ್ಟಬಾರದಂತೆ, ಕೆಮ್ಮು ಬಂದರೂ ತಡೆದುಕೊಳ್ಳಬೇಕಂತೆ. ಇದನ್ನೆಲ್ಲ ಎಂಟನೇ ಕ್ಲಾಸಿನಲ್ಲಿ ಹೇಳುವಾಗ ಮಕ್ಕಳ ಮುಖ ಪರೀಕ್ಷೆಯ ವೇಳಾಪಟ್ಟಿ ಓದಿದಾಗಿನ ಹಾಗೆ ಆಯಿತು. ಅಯ್ಯೋ ಪಾಪ ಅನ್ನಿಸಿ ಕೊನೆಗೆ ಒಂದು ಮಾತು ಸೇರಿಸಿದೆ. ‘ಹೆದರ್ಕೋಬೇಡಿ. ಇದೂ ಒಂದು ಕಥೆನೇ. ಮಾತಿಲ್ಲದ ಕಥೆ. ಮನೇಲಿ ಅಜ್ಜಿ ಕಥೆ ಹೇಳುವಾಗ ಹೆಂಗೆ ಕೇಳ್ತೀರೋ, ಹಂಗೇ ಕೇಳಿ.’ ಮಕ್ಕಳ ಮುಖ ಅರಳಿತು. ಎಂಥ ಒಳ್ಳೆಯ ಟೀಚರು ನಾನು ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನನ್ನು ನಾನೇ ಮೆಚ್ಚಿಕೊಂಡೆ.

ಕಾರ್ಯಕ್ರಮ ಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ. ಬೆಳಿಗ್ಗೆ ಹತ್ತಕ್ಕೆ ಇನ್ನೂರೈವತ್ತು ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿದ್ದೆವು. ಮೈಕ್ ಸೆಟ್ಟಿನ ಅನ್ವರ್ ಭಾಯಿ ತಮ್ಮ ನಾಲ್ಕು ದೊಡ್ಡ ಬಾಕ್ಸುಗಳ ಸಮೇತ ಬಾಗಿಲಲ್ಲಿ ನಿಂತಿದ್ದರು. ತಾಲ್ಲೂಕಿನಲ್ಲಿ ನಾಮಕರಣದಿಂದ ರಾಜ್ಯೋತ್ಸವದವರೆಗೆ ಎಲ್ಲದಕ್ಕೂ ಅವರದೇ ಮೈಕು. ಇದಕ್ಕೆ ಮೈಕು ಬೇಡ ಎಂದಾಗ ಅವರ ಮುಖ ಸಣ್ಣದಾಯಿತು. ‘ಮೈಕಿಲ್ದೆ ಪ್ರೋಗ್ರಾಂ ಆಯ್ತದಾ ಮೇಡಂ? ಇಷ್ಟ್ ವರ್ಸದ ಸರ್ವೀಸ್ನಾಗೆ ಇಂಥದ್ ನೋಡಿಲ್ಲ, ಖುದಾ ಕಸಮ್. ಇಂದ್ಗಡೆ ಕೂತೋರ್ಗೆ ಏನ್ ಕೇಳ್ತದೆ?’ ಎಂದರು. ಬೇಜಾರಿನಲ್ಲೇ ಗೋಡೆ ಒರಗಿಕೊಂಡು ವೇದಿಕೆಯ ಪಕ್ಕದಲ್ಲಿ ಕೈಕಟ್ಟಿ ನಿಂತರು.

ನಿರ್ದೇಶಕರು ಬಂದರು. ಕೈಯಲ್ಲಿ ಒಂದು ಸಣ್ಣ ಬಿಳಿ ಕಡ್ಡಿ. ಕಡ್ಡಿ ಹಿಡಿದೂ ಯಾರಿಗೂ ಹೊಡೆಯದ ಮೇಷ್ಟ್ರನ್ನು ನಮ್ಮ ಮಕ್ಕಳು ಬೆರಗಿನಿಂದ ನೋಡಿದರು. ಅವರು ನಮಸ್ಕಾರ ಮಾಡಿ, ನಮಗೆ ಬೆನ್ನು ಹಾಕಿ, ಕಡ್ಡಿ ಎತ್ತಿದರು. ಮುಂದಿನದನ್ನು ಹೇಗೆ ಹೇಳಲಿ? ನಲವತ್ತು ಜನ ಒಟ್ಟಿಗೇ ಉಸಿರೆಳೆದುಕೊಂಡದ್ದು ಕೇಳಿಸಿತು. ಆಮೇಲೆ ಎದ್ದ ನಾದಕ್ಕೆ ಜಮಖಾನದ ಕೆಳಗಿನ ನೆಲ ನಡುಗಿದ್ದು ನನ್ನ ಅಂಗಾಲಿಗೆ ಗೊತ್ತಾಯಿತು. ಅನ್ವರ್ ಭಾಯಿ ಕಟ್ಟಿದ ಕೈ ಬಿಚ್ಚಿದರು. ಮೊದಲ ಭಾಗ ಮುಗಿಯುವವರೆಗೆ ಒಂದು ಮಗುವೂ ಮಿಸುಕಲಿಲ್ಲ. ನನಗೆ ಹೆಮ್ಮೆಯಿಂದ ರವಿಕೆ ಬಿಗಿಯಾಯಿತು.

ಎರಡನೆಯ ಭಾಗ ನಿಧಾನದ್ದು. ಮಂಡಿಗಳ ನಡುವೆ ಇಟ್ಟುಕೊಂಡು ನುಡಿಸುವ ದೊಡ್ಡ ಪಿಟೀಲಿದೆಯಲ್ಲ, ಗಂಟಲು ತುಂಬಿ ಬಂದವರ ದನಿಯದು, ಅದೊಂದೇ ಒಂದು ಸಾಲು ನುಡಿಸಿ ನಿಂತಿತು. ಎಲ್ಲ ನಿಶ್ಶಬ್ದ. ಆಗ ಮೂರನೇ ಸಾಲಿನಿಂದ ಸ್ಪಷ್ಟವಾಗಿ ಕೇಳಿಸಿತು:

‘ಹೂಂ.’

ನಮ್ಮ ಎಂಟನೇ ಕ್ಲಾಸಿನ ಸಿಂಚನ. ಚೆನ್ನಾಗಿ ಓದುವ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಹುಡುಗಿ. ದೊಡ್ಡ ಪಿಟೀಲು ಇನ್ನೊಂದು ಸಾಲು ನುಡಿಸಿ ನಿಂತಿತು. ಈ ಸಲ ಹತ್ತು ಜನ, ‘ಹೂಂ.’ ನಾನು ಕಣ್ಣು ಕೆಕ್ಕರಿಸಿದೆ. ಸಿಂಚನ ನನ್ನತ್ತ ನೋಡಿದಳು. ಕೇಳುತ್ತಿದ್ದಾಳೋ ಇಲ್ಲವೋ ಎಂದು ಮಿಸ್ಸು ಪರೀಕ್ಷಿಸುತ್ತಿದ್ದಾರೆ ಅಂದುಕೊಂಡಿರಬೇಕು. ಮುಂದಿನ ಸಾಲಿಗೆ ಇನ್ನೂ ಗಟ್ಟಿಯಾಗಿ ಹೂಂ ಅಂದಳು. ಅವಳ ಜೊತೆ ಇಡೀ ಮಂಟಪವೇ ಹೂಂ ಅಂದಿತು. ನಾನು ತಲೆ ತಗ್ಗಿಸಿದವಳು ಮತ್ತೆ ಎತ್ತಲಿಲ್ಲ. ಕೊನೆಗೆ ಆ ಭಾಗ ಬಹಳ ಮೆತ್ತಗೆ, ಇನ್ನೂ ಏನೋ ಹೇಳುವುದಿದೆ ಎಂಬಂತೆ ಮುಗಿಯಿತು. ಚಪ್ಪಾಳೆ ತಟ್ಟಬಾರದ, ಕೆಮ್ಮಲೂಬಾರದ ಆ ಘನ ಮೌನದಲ್ಲಿ ಸಿಂಚನ ಕೇಳಿದಳು:

‘ಆಮ್ಯಾಕೆ?’

ನಮ್ಮ ಕಡೆ ‘ಆಮೇಲೆ’ ಎಂಬುದಕ್ಕೆ ಹಾಗೆನ್ನುತ್ತಾರೆ. ಉಳಿದ ಎರಡು ಭಾಗ ನನ್ನ ಕಿವಿಗೆ ಬೀಳಲಿಲ್ಲ.

ಮುಗಿದ ಮೇಲೆ ಮಕ್ಕಳು ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದರು. ತಂಡದವರಿಗೆ ಮಧ್ಯಾಹ್ನವೇ ನಾಗಮಂಗಲದಲ್ಲಿ ಇನ್ನೊಂದು ಕಾರ್ಯಕ್ರಮ. ಗಡಿಬಿಡಿಯಲ್ಲಿ ಸಾಮಾನು ತುಂಬಿಕೊಂಡು ಹೊರಟೇಬಿಟ್ಟರು, ಕ್ಷಮೆ ಕೇಳಲೂ ನನಗೆ ಪುರುಸೊತ್ತು ಸಿಗಲಿಲ್ಲ. ನಮ್ಮ ಹೆಡ್‌ಮಾಸ್ಟರು, ‘ಮಾನ ಕಳ್ದುಬುಟ್ರಲ್ಲ ಮೇಡಂ ನಿಮ್ಮ ಮಕ್ಕಳು. ಇನ್ನ ಅವರು ಈ ಕಡೆ ತಲೆ ಹಾಕಿನೂ ಮಲಗಕಿಲ್ಲ’ ಎಂದರು. ಅನ್ವರ್ ಭಾಯಿ ಒಬ್ಬರೇ ಹತ್ತಿರ ಬಂದು, ‘ಬುಡಿ ಮೇಡಂ, ಆ ಕಡ್ಡಿ ಸಾಹೇಬ್ರು ನಗ್ತಾ ಇದ್ರು. ನಾ ಸೈಡ್ನಾಗಿಂದ ನೋಡ್ದೆ’ ಎಂದರು. ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆ.

ಆ ಸಿಟ್ಟನ್ನೆಲ್ಲ ವಾಪಸು ಬರುವ ಬಸ್ಸಿನಲ್ಲಿ ಸಿಂಚನಳ ಮೇಲೆ ಸುರಿದೆ. ಬುದ್ಧಿ ಇಲ್ವಾ, ಎಲ್ಲಿ ಏನು ಮಾಡಬೇಕು ಗೊತ್ತಾಗಲ್ವಾ, ನಿನ್ನಿಂದ ಇನ್ನು ಯಾರಿಗೂ ಈ ಭಾಗ್ಯ ಇಲ್ಲ ಎಂದೆ. ಎಲ್ಲರೆದುರಿಗೆ ಅಂದೆ. ಅವಳು ಬಿಕ್ಕುತ್ತ ಒಂದೇ ಮಾತು ಹೇಳಿದಳು. ‘ನೀವೇ ಯೋಳಿದ್ರಲ್ಲ ಮಿಸ್, ಕತೆ ಕೇಳ್ದಂಗೆ ಕೇಳಿ ಅಂತ. ಹೂಂ ಅನ್ನದಿದ್ರೆ ಯೋಳೋರ್ಗೆ ಬೇಜಾರಾಗಕಿಲ್ವಾ?’

ಉತ್ತರವಿಲ್ಲದಾಗ ಟೀಚರುಗಳು ಏನು ಮಾಡುತ್ತಾರೋ ಅದನ್ನೇ ಮಾಡಿದೆ, ‘ಎದುರು ಮಾತಾಡ್ಬೇಡ’ ಅಂದೆ.

ಮಾರನೆಯ ದಿನದಿಂದ ಕ್ಲಾಸಿನಲ್ಲಿ ಏನೋ ಕಳೆದುಹೋಗಿತ್ತು. ಮೊದಲೆರಡು ದಿನ ಏನೆಂದು ಹೊಳೆಯಲೇ ಇಲ್ಲ. ಆಮೇಲೆ ತಿಳಿಯಿತು. ನಾನು ಚರಿತ್ರೆಯ ಪಾಠ ಮಾಡುವಾಗ ಮೂರನೇ ಬೆಂಚಿನಿಂದ ಸದಾ ಒಂದು ಸಣ್ಣ ಹೂಂ ಬರುತ್ತಿತ್ತು, ಇಷ್ಟು ದಿನ ನಾನು ಅದರ ಮೇಲೇ ಪಾಠ ಎಳೆದುಕೊಂಡು ಹೋಗುತ್ತಿದ್ದೆ. ಈಗ ಸಿಂಚನ ಪುಸ್ತಕ ನೋಡುತ್ತ ಬಾಯಿ ಹೊಲಿದುಕೊಂಡು ಕೂತಿರುತ್ತಿದ್ದಳು. ರಾಜರು ಯುದ್ಧ ಗೆದ್ದರೂ ಸೋತರೂ ಕೇಳುವವರಿಲ್ಲ. ನಮ್ಮಜ್ಜಿ ಯಾಕೆ ಕಥೆ ನಿಲ್ಲಿಸಿಬಿಡುತ್ತಿದ್ದಳು ಎಂಬುದು ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ಅರ್ಥವಾಯಿತು. ಕರೆದು ಮಾತಾಡಿಸಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ನನ್ನ ದೊಡ್ಡಸ್ತಿಕೆ ಬಿಡಬೇಕಲ್ಲ!

ಮೂರು ವಾರ ಕಳೆದಿರಬೇಕು. ಸಂಜೆ ಅವರೆಕಾಯಿ ಸುಲಿಯುತ್ತಿದ್ದಾಗ ನಿರ್ದೇಶಕರ ಫೋನು ಬಂತು. ‘ಮೇಡಂ, ಮೊನ್ನೆ ಬೆಂಗಳೂರಿನಲ್ಲಿ ಅದೇ ಕೃತಿ ನುಡಿಸಿದೆವು,’ ಎಂದರು. ಹೂಂ, ಅಂದೆ. ‘ದೊಡ್ಡ ಸಭಾಂಗಣ, ತಿಳಿದವರೇ ತುಂಬಿದ್ದರು.’ ಹೂಂ. ‘ಎರಡನೇ ಭಾಗದಲ್ಲಿ ಆ ಜಾಗ ಬಂತು. ನಾನು ಕಡ್ಡಿ ಎತ್ತಿ ಹಿಡಿದು ಕಾದೆ. ದೊಡ್ಡ ಪಿಟೀಲು ನುಡಿಸುವವರೂ ನನ್ನ ಮುಖ ನೋಡಿದರು. ಯಾರೂ ಹೂಂ ಅನ್ನಲಿಲ್ಲ ಮೇಡಂ.’

ಹುಟ್ಟಿದಾಗಿನಿಂದ ಎಲ್ಲರಿಗೂ ಹೂಂ ಅಂದುಕೊಂಡು ಬಂದವಳಿಗೆ ಆ ಹೊತ್ತಿನಲ್ಲಿ ಬಾಯಿಂದ ಸ್ವರವೇ ಹೊರಡಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. ಅವರು ‘ಹಲೋ, ಹಲೋ, ಇದ್ದೀರಾ?’ ಎಂದು ಕೂಗಿ, ನಾನು ಕೆಮ್ಮಿದ ಮೇಲೆ ಇನ್ನೆರಡು ಮಾತು ಹೇಳಿ ಇಟ್ಟರು.

ಮಾರನೆಯ ದಿನ ಎಂಟನೇ ಕ್ಲಾಸಿಗೆ ಹೋಗಿ ಪುಸ್ತಕ ಮುಚ್ಚಿಟ್ಟೆ. ‘ಅವತ್ತು ಬಸ್ಸಿನಲ್ಲಿ ನಾನು ಸಿಂಚನಂಗೆ ಬೈದದ್ದು ತಪ್ಪು. ಅವಳು ಸರಿಯಾಗೇ ಕೇಳಿದ್ಲು. ನಾನು ಕೇಳಲಿಲ್ಲ’ ಎಂದೆ. ಇಡೀ ಕ್ಲಾಸು ಅವಳತ್ತ ತಿರುಗಿತು. ಅವಳು ತಲೆ ಎತ್ತಲಿಲ್ಲ. ಸರಿ, ಬೆಂಗಳೂರಿನ ಕಥೆ ಶುರು ಮಾಡಿದೆ. ಸಭಾಂಗಣ ತುಂಬಿದ್ದು, ಕಡ್ಡಿ ಎತ್ತಿದ್ದು, ದೊಡ್ಡ ಪಿಟೀಲು ಒಂದು ಸಾಲು ನುಡಿಸಿ ನಿಂತದ್ದು, ಕಡ್ಡಿ ಮೇಷ್ಟ್ರು ಕಾದದ್ದು, ಯಾರೂ ಹೂಂ ಅನ್ನದೇ ಹೋದದ್ದು. ಅಲ್ಲಿಗೆ ತಂದು, ನಮ್ಮಜ್ಜಿಯ ಹಾಗೆ, ಬಾಯಿ ಮುಚ್ಚಿ ಕೂತುಬಿಟ್ಟೆ.

ಬಿಸಿಯೂಟದ ಅಡಿಗೆ ಕೋಣೆಯಲ್ಲಿ ಯಾರೋ ಪಾತ್ರೆ ಇಟ್ಟ ಸದ್ದಾಯಿತು. ನಾನೂ ಹಟ ಹಿಡಿದು ಕಾದೆ.

‘ಆಮ್ಯಾಕೆ, ಮಿಸ್?’ ಎಂದಿತು ಮೂರನೇ ಬೆಂಚು.

‘ಆಮ್ಯಾಕೆ ಏನು, ಮುಂದಿನ್ ವರ್ಸ ಮತ್ತೆ ಬತ್ತಾವ್ರಂತೆ ಕಣವ್ವ,’ ಅಂದೆ. ‘ನಿನ್ನನ್ನ ಮೊದಲ್ನೇ ಸಾಲ್ನಲ್ಲಿ ಕೂರಿಸ್ಬೇಕಂತೆ.’