ಮೂಲೆಯಲ್ಲಿದ್ದ ಹೆಸರು

ಗೆಳೆಯರೇ, ಶ್ರೀಲಂಕಾದ ಬೀದಿಬದಿಯ ಕಲಾವಿದೆಯೊಬ್ಬಳಿಂದ ಕೊಂಡು ತಂದ ಕಡಲಿನ ಚಿತ್ರಕ್ಕೆ ಫ್ರೇಮ್ ಹಾಕಿಸಲು ಇಂದು ರಾಯಚೂರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಅಲ್ಲಿದ್ದ ಫ್ರೇಮಿಗಿಂತ ಚಿತ್ರ ಎರಡು ಬೆರಳು ದೊಡ್ಡದಾಯಿತು. ಜೊತೆಗಿದ್ದ ಗೆಳೆಯ, ಮಾನ್ವಿಯ ರೈಸ್‌ಮಿಲ್ ಮಾಲೀಕ, "ಕೆಳಗಿನ ಅಂಚು ಕತ್ತರಿಸ್ರಿ, ಅಲ್ಲಿ ಬರೇ ಆಕಿ ಹೆಸರದ" ಎಂದ.

ನಾನು ಸಿಟ್ಟಿನಿಂದ ಬಾಯಿ ತೆರೆಯುವ ಮೊದಲೇ ಅಂಗಡಿಯ ಮುದುಕ ಬ್ಲೇಡು ಕೆಳಗಿಟ್ಟ. "ಸಾವ್ಕಾರ್ರ, ನಿಮ್ಮ ಮಿಲ್ಲಿನ ಗ್ವಾಡಿ ಮ್ಯಾಲಿನ ನಂದಿ ಬರದಾಂವ ನಾನ ರೀ. ಮೂಲ್ಯಾಗಿದ್ದ ನನ್ನ ಹೆಸರಿಗೆ ಸುಣ್ಣ ಬಳಿಸಿದ್ರಿ. ಈ ಹೆಣ್ಮಗಳ ಹೆಸರು ನಾ ಕಡಿಯಂಗಿಲ್ಲ."

ಗೆಳೆಯ ಮೊಬೈಲ್ ನೋಡತೊಡಗಿದ. ಮುದುಕ ಹೊಸ ಕಟ್ಟಿಗೆ ಕೊಯ್ದು ದೊಡ್ಡ ಫ್ರೇಮನ್ನೇ ಜೋಡಿಸಿದ. ಹೆಸರು ಪೂರ್ತಿ ಕಾಣುತ್ತದೆ.

ಆ ನಂದಿಯನ್ನು ಇಪ್ಪತ್ತು ವರ್ಷದಿಂದ ಮೆಚ್ಚುತ್ತ ಬಂದಿದ್ದೇನೆ. ಬರೆದವರು ಯಾರೆಂದು ತಿಳಿಯಲು ಮಾತ್ರ ಸಮುದ್ರ ದಾಟಿ ಬರಬೇಕಾಯಿತು.