ಮುನಿಶಾಮಮ್ಮನ ಸಂಚಿಯ ಬ್ಯಾಟ್ರಿ

ಎರಡು ವರ್ಷದಲ್ಲಿ ಮುನಿಶಾಮಮ್ಮನವರಿಗೆ ನಾನು ನಾಲ್ಕು ಬ್ಯಾಟ್ರಿ ಮಾರಿದೆ. ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಲೇ ಹೆಸರು, ಒಳಗೆ ಹಾಕುವುದು ಸೆಲ್. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ಬಲ್ಬು, ಬ್ಯಾಟ್ರಿ ಮಾರಿಕೊಂಡೇ ಬದುಕಿದ್ದೇನೆ. ಅಂಗಡಿ ಇಡಬೇಕೆಂದರೆ ಪುರಸಭೆಯವರು ಹತ್ತು ಕಾಗದ ಕೇಳುತ್ತಾರೆ, ಅಂಗಡಿಯವನಿಗೆ ಬುದ್ಧಿ ನೆಟ್ಟಗಿದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ನನ್ನ ಅಂಗಡಿಗೆ ಎಂದೋ ಬೀಗ ಬೀಳುತ್ತಿತ್ತು.

ಮುನಿಶಾಮಮ್ಮ ರಾಯಲ್ಪಾಡಿನ ಕಡೆಯವರು, ಅರವತ್ತಕ್ಕೆ ಒಂದೆರಡು ಕಡಿಮೆ. ಗಂಡ ತೀರಿಕೊಂಡಿದ್ದಾರೆ, ಒಬ್ಬಳೇ ಮಗಳು ರಜನಿಯನ್ನು ಮಾಲೂರಿಗೆ ಕೊಟ್ಟಿದ್ದಾರೆ. ಅವರ ಕೆಲಸ ಏನೆಂದು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ರೇಷ್ಮೆ ಹುಳು ಸಾಕಿದವರ ಮನೆಗೆ ಹೋಗಿ, ಹುಳು ಹಣ್ಣಾಗಿದೆಯೋ ಇಲ್ಲವೋ ಎಂದು ಹೇಳುವುದು, ಅಷ್ಟೇ. ನಾಲ್ಕನೇ ಜ್ವರ, ಅಂದರೆ ಚರ್ಮ ಕಳಚುವ ನಿದ್ದೆ, ಮುಗಿಸಿ ಎದ್ದ ಹುಳು ಒಂದು ವಾರ ಬಕಾಸುರನ ಹಾಗೆ ಸೊಪ್ಪು ತಿನ್ನುತ್ತದೆ. ಆಮೇಲೆ ತಿನ್ನುವುದನ್ನು ಬಿಟ್ಟು, ಮೈ ತಿಳಿಯಾಗಿ, ತಲೆ ಎತ್ತಿ ಜಾಗ ಹುಡುಕುತ್ತದೆ. ಅದೇ ಹಣ್ಣು ಹುಳು. ಆಗ ಅದನ್ನು ಎತ್ತಿ ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟರೆ ಗೂಡು ಕಟ್ಟುತ್ತದೆ. ಒಂದು ದಿನ ಮುಂಚೆ ಬಿಟ್ಟರೆ ಕಟ್ಟುವುದಿಲ್ಲ, ಅಲೆದು ಅಲೆದು ಸಾಯುತ್ತದೆ. ಒಂದು ದಿನ ತಡವಾದರೆ ಸಾಕಿದ ತಟ್ಟೆಯಲ್ಲೇ ನೂಲು ಉಗಿದು ಹಾಳಾಗುತ್ತದೆ.

ಸಾಕಿದವರಿಗೂ ಇದು ಗೊತ್ತಾಗುತ್ತದೆ, ಗೊತ್ತಾಗದೆ ಏನು. ಆದರೂ ಮೊದಲ ಹುಳು ಮುನಿಶಾಮಮ್ಮನ ಕೈಯಿಂದಲೇ ಏರಬೇಕು. ಅವರ ಕೈಗುಣ ಅಂಥದ್ದು ಎಂದು ಹೋಳೂರಿನವರೆಗೂ ಹೆಸರು. ಅವರು ಬಂದು ನೋಡಿ, ಚಂದ್ರಿಕೆಗೆ ಅರಿಸಿನ ಕುಂಕುಮ ಇಟ್ಟು, ಒಂದು ಹುಳು ಏರಿಸಿ "ಹೂಂ" ಅಂದರೆ ಮನೆಮಂದಿಯೆಲ್ಲ ಕೈ ಹಾಕುತ್ತಾರೆ. ಹಾಗೆ ಏರಿಸಿದ ಹುಳುವನ್ನು ಮತ್ತೆ ತಟ್ಟೆಗೆ ಇಳಿಸುವ ಹಾಗಿಲ್ಲ. ಇಳಿಸಿದರೆ ಆ ಮನೆಗೆ ರೇಷ್ಮೆ ಒಲಿಯುವುದಿಲ್ಲವಂತೆ.

ಮೊದಲ ಸಲ ಅವರು ನನ್ನ ಅಂಗಡಿಗೆ ಬಂದದ್ದು ಒಂದು ಮಧ್ಯಾಹ್ನ. "ನಾಯ್ನಾ, ಒಂದು ಸಣ್ಣ ಬ್ಯಾಟ್ರಿ ಕೊಡು" ಅಂದರು. ನಾನು ಮೂರು ತೆಗೆದಿಟ್ಟೆ. ಅವರು ಸೊಂಟದಿಂದ ಎಲೆ ಅಡಿಕೆ ಸಂಚಿ ಬಿಚ್ಚಿ, ಒಂದೊಂದನ್ನೂ ಒಳಗೆ ತುರುಕಿ ದಾರ ಎಳೆದು ನೋಡಿದರು. ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆ ಬ್ಯಾಟ್ರಿಯೂ ಕೂತು ಸಂಚಿಯ ಬಾಯಿ ಮುಚ್ಚಬೇಕು. ಇಲ್ಲದಿದ್ದರೆ ಬೇಡ. ಆಮೇಲೆ ಮೂಸಿ ನೋಡಿದರು.

"ಮೂಸೋದ್ಯಾಕಮ್ಮಾ, ಇದೇನು ಮಾವಿನ ಹಣ್ಣಾ?" ಅಂದೆ.

"ಹುಳಕ್ಕೆ ವಾಸ್ನೆ ಆಗಲ್ಲಪ್ಪಾ. ನಾನು ಹೊಗೆಸೊಪ್ಪು ಬಿಟ್ಟಿದ್ದೇ ಅದಕ್ಕೋಸ್ಕರ. ಈ ರಬ್ಬರ್ದು ಬ್ಯಾಡ."

ಬಿಸಿಯಾಗುತ್ತದೆಯೇ ಎಂದು ಉರಿಸಿ ಕೆನ್ನೆಗೆ ಒತ್ತಿಕೊಂಡರು. ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಲ್ಲಿ ಒತ್ತುವ ಹಾಗಿರಬೇಕು, ಇನ್ನೊಂದು ಕೈಯಲ್ಲಿ ಹುಳು ಇರುತ್ತದಲ್ಲ. ಕೊನೆಗೆ ಒಂದು ತಗಡಿನ ಡಬ್ಬಿ ತೆರೆದರು. ಹಿಪ್ಪುನೇರಳೆ ಎಲೆಯ ಮೇಲೆ ಎರಡು ಹುಳು! ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುನಿಂತೆ. ಅವರಿಗೆ ನಗು.

"ಕಚ್ಚಲ್ಲ ಬಾರೋ. ನೋಡು, ಇದು ಹಸಿ. ಹೊಟ್ಟೇಲಿ ಇನ್ನೂ ಸೊಪ್ಪೈತೆ, ಬೆಳಕು ದಾಟಲ್ಲ. ಇದು ಹಣ್ಣು. ಕತ್ತಿನ ಹತ್ರ ನೋಡು."

ಬೆರಳಿನ ಮೇಲೆ ಹುಳು, ಕೆಳಗೆ ಬ್ಯಾಟ್ರಿ. ಆ ಹುಳುವಿನ ಕತ್ತಿನಲ್ಲಿ ಬೆಳಕು ಜೇನಿನ ಹಾಗೆ ಇಳಿದಿತ್ತು. ಇಷ್ಟು ವರ್ಷ ಬ್ಯಾಟ್ರಿ ಮಾರಿದವನು, ಒಂದು ಬ್ಯಾಟ್ರಿಯಿಂದ ಇಷ್ಟು ಚೆಂದದ್ದು ಕಾಣುತ್ತದೆಂದು ಅವತ್ತೇ ತಿಳಿದೆ. ತೀರಾ ಬಿಳಿ ಬೆಳಕಿನವನ್ನೆಲ್ಲ ಪಕ್ಕಕ್ಕೆ ಸರಿಸಿ, ಮಂದವಾದ ಒಂದನ್ನು ಆರಿಸಿಕೊಂಡು ಹೋದರು. ಅಷ್ಟು ಚೆನ್ನಾಗಿ ಬ್ಯಾಟ್ರಿ ಆರಿಸಿದ ಗಿರಾಕಿಯನ್ನು ನಾನು ಆಮೇಲೆ ನೋಡಿಲ್ಲ.

ಏಳೆಂಟು ತಿಂಗಳಿಗೆ ಮತ್ತೆ ಬಂದರು. "ಇದು ಮಂಕಾಯ್ತು ನಾಯ್ನಾ." ನಾನು ಹೊಸ ಸೆಲ್ ಹಾಕಿದೆ. ಚೆನ್ನಾಗಿಯೇ ಉರಿಯಿತು. "ಊಹೂಂ, ಮಂಕು" ಅಂದರು. ವಾದ ಮಾಡಿ ನನಗೇನಾಗಬೇಕು? ಅದಕ್ಕಿಂತ ಜೋರಾದ ಒಂದನ್ನು ಕೊಟ್ಟೆ. ಹೋಗುವಾಗ ಬಾಗಿಲ ಪಕ್ಕದ ವೈರಿನ ಸುರುಳಿಗೆ ಕಾಲು ತಗುಲಿ ಮುಗ್ಗರಿಸಿದರು. "ನಿಧಾನ, ಹುಡುಗೀರ ಥರ ಓಡ್ತೀರಲ್ಲ" ಎಂದು ತಮಾಷೆ ಮಾಡಿದೆ.

ಮೂರನೇ ಸಲದ ದೂರು ಬೇರೆ. "ಬೆಳಕು ಹರಡಲ್ಲ ಇದ್ರಲ್ಲಿ. ನಡುವೆ ಕಾಣ್ತದೆ, ಪಕ್ಕದ್ದು ಕಾಣಲ್ಲ." ಅಗಲವಾಗಿ ಬೆಳಕು ಚೆಲ್ಲುವ ಹೊಸ ಮಾಲು ನನ್ನಲ್ಲಿ ಬಂದಿತ್ತು. ಅದನ್ನೇ ಕೊಟ್ಟು, ಒಳ್ಳೆಯದನ್ನೇ ಕೊಟ್ಟೆನೆಂದು ಬೀಗಿದೆ. ಸಂಚಿಯೊಳಗೆ ಹಿಡಿಸಲಿಲ್ಲ. ಸುಣ್ಣದ ಡಬ್ಬಿಯನ್ನು ಹೊರಗಿಟ್ಟು ಅದಕ್ಕೆ ಜಾಗ ಮಾಡಿದರು. ಕೆನ್ನೆಗೆ ಒತ್ತಲಿಲ್ಲ, ಮೂಸಲೂ ಇಲ್ಲ. ಅವರು ಬ್ಯಾಟ್ರಿ ಆರಿಸುವ ಬಗೆ ಬದಲಾಗಿತ್ತು, ಈಗ ಅವರಿಗೆ ಬೇಕಾಗಿದ್ದದ್ದು ಬೆಳಕು ಮಾತ್ರ. ನನಗೆ ಆಗಲೂ ಹೊಳೆಯಲಿಲ್ಲ.

ಇಲ್ಲಿಯವರೆಗೆ ನಾನು ದಡ್ಡ, ಅಷ್ಟೇ. ನಾಲ್ಕನೇ ಸಲ ಮಾಡಿದ್ದಕ್ಕೆ ಆ ನೆಪವೂ ಇಲ್ಲ.

ಅವತ್ತು ಬೆಳಿಗ್ಗೆ ಹತ್ತು ಗಂಟೆ. ಹೋಳೂರಿನ ವೆಂಕಟರಾಯಪ್ಪನವರ ಮನೆಗೆ ಹೊರಟಿದ್ದರು. ಅವರ ಮನೆಯದು ದೊಡ್ಡ ಸಾಕಣೆ, ಮನೆ ತುಂಬ ತಟ್ಟೆಗಳು. "ಇರೋದ್ರಲ್ಲಿ ಜೋರಾಗಿರೋದು ಕೊಡು" ಅಂದರು. ಚೀನಾ ಮಾಲು, ಬೆರಳುದ್ದ ಅಷ್ಟೇ, ಉರಿಸಿದರೆ ಎದುರಿನ ಗೋಡೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಅದನ್ನು ಕೊಟ್ಟೆ. ವೆಂಕಟರಾಯಪ್ಪನವರು ಮಾದರಿಗೆಂದು ಹುಳು ಕಳಿಸಿದ್ದರಂತೆ; ತಗಡಿನ ಡಬ್ಬಿ ತೆರೆದು ಅದರಲ್ಲೊಂದನ್ನು ಬೆರಳಿಗೆ ಏರಿಸಿಕೊಂಡು ಕೆಳಗಿನಿಂದ ಬೆಳಕು ಬಿಟ್ಟರು. ಅಷ್ಟು ಬೆಳಕಿಗೆ ನನ್ನ ಹೆಬ್ಬೆರಳೂ ಹಣ್ಣು ಹುಳುವಿನ ಹಾಗೆ ಕಾಣುತ್ತಿತ್ತೇನೋ. ಕಣ್ಣಿನ ಹತ್ತಿರಕ್ಕೆ ತಂದು, ಕತ್ತು ಆ ಕಡೆ ಈ ಕಡೆ ಓರೆ ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖ ಅರಳಿತು.

"ಇದು ಬ್ಯಾಟ್ರಿ ಅಂದ್ರೆ! ನೋಡು, ಹೆಂಗೆ ಹಣ್ಣಾಗೈತೆ. ಇವತ್ತೇ ಏರಿಸ್ಬೇಕು."

ಹುಳುವನ್ನು ಎಲೆಯ ಮೇಲೆ ಬಿಟ್ಟು, ಸಂಚಿಯ ದಾರ ಎಳೆಯಲು ಕೂತರು. ನಾನು ಡಬ್ಬಿಯೊಳಗೆ ಬಗ್ಗಿ ನೋಡಿದೆ. ಹುಳು ಎಲೆಯ ಅಂಚು ಹಿಡಿದು ತಿನ್ನುತ್ತಿತ್ತು. ಕರಕರ ತಿನ್ನುತ್ತಿತ್ತು.

ಹಣ್ಣಾದ ಹುಳು ತಿನ್ನುವುದಿಲ್ಲ. ಅದನ್ನು ನನಗೆ ಕಲಿಸಿದವರೇ ಅವರು. ಬಾಯಿಯವರೆಗೆ ಮಾತು ಬಂತು. ಆದರೆ ನಲವತ್ತು ವರ್ಷ ಹುಳು ನೋಡಿದ ಕೈಗೆ ಬಲ್ಬು ಮಾರುವವನು ಬುದ್ಧಿ ಹೇಳುವುದೇ? ಅವರ ಮುಖದಲ್ಲಿ ಅಷ್ಟು ಸಂತೋಷವಿತ್ತು ಬೇರೆ. ಇನ್ನೂ ಒಂದು ಮಾತಿದೆ, ಅದನ್ನೂ ಹೇಳಿಬಿಡುತ್ತೇನೆ: ನನ್ನ ಬ್ಯಾಟ್ರಿಯನ್ನು ಅವರು ಹೊಗಳುತ್ತಿದ್ದರು. ನಾನು ಡಬ್ಬಿಯ ಮುಚ್ಚಳ ಹಾಕಿ ಕೈಗೆ ಕೊಟ್ಟೆ. ಹೋಳೂರಿನ ಬಸ್ಸು ಹತ್ತಿಸಿ ಬಂದೆ.

ಹತ್ತು ದಿನ ಬಿಟ್ಟು ವೆಂಕಟರಾಯಪ್ಪನವರ ಸೊಸೆ ಶ್ವೇತ ಸ್ವಿಚ್ಚು ಕೊಳ್ಳಲು ಅಂಗಡಿಗೆ ಬಂದಳು. ಶ್ರೀನಿವಾಸಪುರ ಅವಳ ತವರು, ಚಿಕ್ಕಂದಿನಿಂದ ನನ್ನನ್ನು ಬಲ್ಲವಳು. ಕೇಳದಿದ್ದರೂ ಅವಳೇ ಹೇಳಿದಳು.

"ಎಲ್ಲಾ ಹೋಯ್ತು ಚಂದ್ರಮೋಹನಣ್ಣ. ಹುಳ ಇನ್ನೂ ಹಸಿ ಇತ್ತು. ನನಗೆ ಕಾಣ್ತಿತ್ತು. ಮಾವನಿಗೆ ಹೇಳ್ದೆ. ಮುನಿಶಾಮಮ್ಮ ನೋಡಿದ್ಮೇಲೆ ನೀನ್ಯಾರು, ಬಾಯಿ ಮುಚ್ಚು ಅಂದ್ರು. ಏರಿಸಿದ್ವಿ. ಬೆಳಿಗ್ಗೆ ನೋಡಿದ್ರೆ ಒಂದೂ ಗೂಡು ಕಟ್ಟಿಲ್ಲ, ಚಂದ್ರಿಕೆ ತುಂಬ ಸುಮ್ನೆ ಓಡಾಡ್ತಾವೆ. ಇಳಿಸಿ ಸೊಪ್ಪು ಹಾಕೋಣ ಅಂದ್ರೆ ಅದಕ್ಕೂ ಒಪ್ಪಲಿಲ್ಲ. ಮೂರು ದಿನ ಹಂಗೇ ಓಡಾಡಿ ಸತ್ವು. ಬುಟ್ಟೀಲಿ ತುಂಬಿ ತಿಪ್ಪೆಗೆ ಹಾಕಿದ್ವಿ."

"ಮುನಿಶಾಮಮ್ಮನ್ನ ಏನಾದ್ರೂ ಅಂದ್ರಾ?"

"ಏನೂ ಅನ್ನಲಿಲ್ಲ. ಇನ್ಮೇಲೆ ಕರೆಯಲ್ಲ, ಅಷ್ಟೇ."

ಆ 'ಅಷ್ಟೇ' ಹೋಳೂರಿನಿಂದ ರಾಯಲ್ಪಾಡಿಗೆ ಬರಲು ಒಂದು ವಾರ ಸಾಕಾಯಿತು. ಅವರನ್ನು ಯಾರೂ ಬೈಯಲಿಲ್ಲ, ಜಗಳ ಮಾಡಲಿಲ್ಲ. ಎದುರು ಸಿಕ್ಕರೆ ಊಟ ಆಯ್ತೇ ಎಂದು ಕೇಳುತ್ತಿದ್ದರು. ಹುಳು ನೋಡಲು ಮಾತ್ರ ಕರೆಯಲಿಲ್ಲ. ಅವರ ಮುಂದೆಯೇ ಬೇರೆಯವರ ಕೈಯಲ್ಲಿ ಮೊದಲ ಹುಳು ಏರಿಸಿದರು.

ನಾನೇ ಹುಡುಕಿಕೊಂಡು ಅವರ ಊರಿಗೆ ಹೋದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಪಕ್ಕದಿಂದ ಬಂದದ್ದು ಅವರಿಗೆ ಕಾಣಲೇ ಇಲ್ಲ, ಮಾತಾಡಿದ ಮೇಲೆ ಬೆಚ್ಚಿ ತಿರುಗಿದರು. ಆಗ ಎಲ್ಲವೂ ಒಟ್ಟಿಗೆ ನೆನಪಾಯಿತು. ವೈರಿನ ಸುರುಳಿ, ಮಂಕು, ಪಕ್ಕದ್ದು ಕಾಣಲ್ಲ ಅಂದದ್ದು. ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ಕೋಲಾರಕ್ಕೆ ಹೋಗೋಣಮ್ಮಾ, ಕಣ್ಣು ತೋರಿಸೋಣ" ಅಂದೆ.

"ಪೊರೆ ಬಂದಿರ್ಬೇಕು, ಅಲ್ವಾ? ಪಕ್ಕದ್ಮನೆ ಅಕ್ಕಯಮ್ಮಂಗೂ ಬಂದಿತ್ತು. ಆಪ್ರೇಷನ್ ಮಾಡಿದ್ರು, ಈಗ ಸೂಜಿಗೆ ದಾರ ಹಾಕ್ತಾಳೆ" ಅಂದರು. ಎಷ್ಟು ಆಸೆಯಿಂದ ಅಂದರು! ಹೊರಡುವಾಗ ಅಕ್ಕಿ ಡಬ್ಬಿಯ ಹಿಂದಿನಿಂದ ಆ ಬೆರಳುದ್ದದ ಬ್ಯಾಟ್ರಿ ತೆಗೆದು ಸಂಚಿಗೆ ಹಾಕಿಕೊಂಡರು. ಕಣ್ಣು ಸರಿಯಾದರೆ ಮತ್ತೆ ಬೇಕಾಗುತ್ತದಲ್ಲ.

ಕೋಲಾರದ ಕಣ್ಣಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು. ಮೆಶಿನ್ನಿಗೆ ಗಲ್ಲ ಇಡಿಸಿ ಎರಡು ಕಣ್ಣನ್ನೂ ಬಹಳ ಹೊತ್ತು ನೋಡಿದರು. ಜೇಬಿನಿಂದ ಪೆನ್ನಿನಷ್ಟು ಬ್ಯಾಟ್ರಿ ತೆಗೆದು ಕಣ್ಣಿಗೆ ಬೆಳಕು ಬಿಟ್ಟರು. ಮುನಿಶಾಮಮ್ಮ ರೆಪ್ಪೆ ಬಡಿಯದೆ ಕೂತಿದ್ದರು. ಹುಳುವಿನ ಮೈಯಲ್ಲಿ ಬೆಳಕು ದಾಟುತ್ತದೆಯೇ ಎಂದು ಆಯುಸ್ಸೆಲ್ಲ ನೋಡಿದವರನ್ನು ಈಗ ಬೇರೆಯವರು ಹಾಗೆ ನೋಡುತ್ತಿದ್ದರು.

"ಪೊರೆ ಅಲ್ಲಮ್ಮ. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಒಣಗಿದೆ. ಹೋಗಿರೋ ದೃಷ್ಟಿ ವಾಪಸ್ ಬರಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳೋಕೆ ಹನಿ ಬರ್ಕೊಡ್ತೀನಿ" ಅಂದರು ಡಾಕ್ಟರು.

"ಆಪ್ರೇಷನ್?"

"ಮಾಡಿದ್ರೂ ಹೋಗಿದ್ದು ಬರಲ್ಲ. ಮೊದಲ ಸಲ ಮಂಕು ಅನ್ನಿಸ್ದಾಗ್ಲೇ ಬಂದಿದ್ರೆ ಇಷ್ಟು ಆಗ್ತಿರಲಿಲ್ಲ. ಆಗ ಯಾರಿಗೂ ತೋರಿಸ್ಲಿಲ್ವಾ?"

ಮುನಿಶಾಮಮ್ಮ ನನ್ನ ಕಡೆ ಕೈ ತೋರಿಸಿದರು. "ಇವ್ನ ಅಂಗಡಿಗೆ ಹೋಗಿದ್ದೆ ಸ್ವಾಮಿ."

ಅದರಲ್ಲಿ ಕೊಂಕು ಇರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟರು. ಡಾಕ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಹನಿ ಔಷಧಿಯ ಪೊಟ್ಟಣ ಮಡಿಲಲ್ಲಿತ್ತು. ಕಂಡಕ್ಟರು "ಹೋಳೂರ್, ಹೋಳೂರ್" ಎಂದು ಕೂಗಿದಾಗ ಬೆಚ್ಚಿ ತಲೆ ಎತ್ತಿದರು.

"ನಾಯ್ನಾ, ಅವತ್ತು ನಿನ್ ಅಂಗಡೀಲಿ ಡಬ್ಬಿ ಮುಚ್ಚಳ ನೀನೇ ಹಾಕ್ದೆ. ಹುಳ ನೋಡಿದ್ಯಾ?"

ಸುಳ್ಳು ಹೇಳಬಹುದಿತ್ತು. ಬಾಯಿಗೂ ಬಂತು. "ನೋಡ್ದೆ ಅಮ್ಮಾ" ಅಂದೆ.

"ತಿನ್ತಾ ಇತ್ತಾ?"

"ತಿನ್ತಾ ಇತ್ತು."

ಅವರು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಇವತ್ತು ಸ್ವಲ್ಪ ಹಗುರವಾಗಿರುತ್ತಿದ್ದೆ. ಸಂಚಿಯ ದಾರ ಬಿಚ್ಚಿ ಒಳಗೆ ತಡಕಿ, ಆ ಬೆರಳುದ್ದದ ಬ್ಯಾಟ್ರಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಕಾಣೋನು ನೀನು. ನೀನೇ ಇಟ್ಕೋ."

ಶ್ರೀನಿವಾಸಪುರ ಬಂತು. ಮೆಟ್ಟಿಲ ಹತ್ತಿರ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡು, ಕಂಬಿ ತಡಕುತ್ತಾ ಒಬ್ಬರೇ ಇಳಿದರು.