ಚಿಗವ್ವ ಕ್ಯಾಮೆರಾಕ್ಕೆ ಕೊಟ್ಟ ಅರ್ಜಿ

ಮುಂಬೈಗೆ ಬಂದ ಮೊದಲ ವಾರ ಆಡಿಷನ್‌ನಲ್ಲಿ ಅಪರಿಚಿತನೊಬ್ಬ ನನ್ನನ್ನು ಬಿಳಿ ಗೋಡೆಗೆ ನಿಲ್ಲಿಸಿ, ‘ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಹಲ್ಲು ಕಾಣುವಂತೆ ನಗಿ’ ಎಂದ. ನಮ್ಮ ರಾಯದುರ್ಗದ ಸಂತೆಯಲ್ಲಿ ಕುರಿಯ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳುತ್ತಾರಲ್ಲ, ಅದು ನೆನಪಾಯಿತು. ಅಲ್ಲಿ ಹಲ್ಲು ನೋಡಿದವರು ಕೊಳ್ಳುವುದೋ ಬಿಡುವುದೋ ಆಗಲೇ ಹೇಳಿಬಿಡುತ್ತಾರೆ. ಇಲ್ಲಿ ‘ತಿಳಿಸುತ್ತೇವೆ’ ಎನ್ನುತ್ತಾರೆ. ಆರು ವರ್ಷವಾಯಿತು.

ನಮ್ಮೂರಲ್ಲಿ ಕೋಣೆಗೆ ಹೇಳುವ ಖೋಲಿ ಎಂಬ ಮಾತು ಇಲ್ಲೂ ಇದೆ. ಆದರೆ ಇಲ್ಲಿ ಖೋಲಿಯೇ ಇಡೀ ಮನೆ. ಅಡುಗೆ, ಸ್ನಾನ, ನಿದ್ದೆ ಎಲ್ಲ ಅದರೊಳಗೇ. ನಟಿ ಎಂದರೆ ಅದನ್ನೂ ಕೊಡುವುದಿಲ್ಲ. ಟೀಚರ್ ಎಂದು ಸುಳ್ಳು ಹೇಳಿ ಸೇರಿಕೊಂಡಿದ್ದೇನೆ. ಮಾಲೀಕರ ಮೊಮ್ಮಗಳಿಗೆ ಆಗಾಗ ಗಣಿತ ಹೇಳಿಕೊಡಬೇಕಾಗುತ್ತದೆ. ನಾನು ಈವರೆಗೆ ಮಾಡಿದ ಅತಿ ದೀರ್ಘ ಪಾತ್ರ ಅದೇ.

ಬೇರೆಯವರು ಕೊಡದ ಪಾತ್ರವನ್ನು ನಾನೇ ಬರೆದುಕೊಂಡು, ಕನ್ನಡ ಸಿನಿಮಾ ತೆಗೆಯಲು ಊರಿಗೆ ಹೋದೆ. ಊರು ಆಂಧ್ರಕ್ಕೆ ಸೇರಿದ್ದು, ಮನೆಮಾತು ಕನ್ನಡ. ಕುರಿ ಕಾಯುವ ತಾಯಿ, ಊರು ಬಿಟ್ಟ ಮಗಳು. ಮಗಳು ನಾನು. ತಾಯಿಯ ಪಾತ್ರಕ್ಕೆ ಚಿಗವ್ವ, ಅಂದರೆ ನನ್ನ ಅವ್ವನ ತಂಗಿ, ಡಿ. ಹಿರೇಹಾಳ್ ಕಡೆಯ ಗುಡ್ಡದಲ್ಲಿ ನಿಜಕ್ಕೂ ಕುರಿ ಕಾಯುವವಳು. ಕ್ಯಾಮೆರಾ ಹಿಡಿದವನು ಮದುವೆ ವಿಡಿಯೊ ತೆಗೆಯುವ ಮಡಕಶಿರಾದ ರಂಗನಾಥ.

ಕ್ಯಾಮೆರಾ ಶುರುವಾದೊಡನೆ ಚಿಗವ್ವ ತಲೆಗೆ ಸೆರಗು ಎಳೆದುಕೊಂಡು, ಕೈಮುಗಿದು, ತೆಲುಗು ಶುರುಮಾಡಿದಳು: ‘ಸಾರ್, ಕಂಚೆಕಿ ಒಕ ಗೇಟು ಪೆಟ್ಟಿಂಚಂಡಿ.’ ಗುಡ್ಡಕ್ಕೆ ಯಾರೋ ತಂತಿಬೇಲಿ ಹಾಕಿ ಕುರಿ ಹೋಗುವ ದಾರಿ ಮುಚ್ಚಿದ್ದರು. ಬೇಲಿಗೊಂದು ಗೇಟು ಇಡಿಸಿ ಎಂಬುದು ಅವಳ ಅರ್ಜಿ.

‘ಚಿಗವ್ವಾ, ಕನ್ನಡದಾಗ ಮಾತಾಡು. ನಾ ನಿನ್ನ ಮಗಳಲ್ಲೇನು?’

‘ನಿನ್ ಕೂಡ ಕನ್ನಡದಾಗ ಮಾತಾಡ್ತೀನವ್ವ. ಇದ್ರ ಕೂಡ ಹೆಂಗ ಮಾತಾಡ್ಲಿ? ಇಂಥ ಮಿಷಿನ್ ತರೋರು ಆಫೀಸಿನೋರು. ಅವ್ರಿಗೆ ಕನ್ನಡ ಬರಂಗಿಲ್ಲ.’

‘ಇವನು ನಮ್ಮ ಮಡಕಶಿರಾದೋನು!’

‘ಹೌದೇನ್ರಿ?’ ಅವಳು ರಂಗನಾಥನ ಕಡೆ ತಿರುಗಿದಳು. ‘ಹಂಗಾದ್ರ ನೀವಾದ್ರೂ ಮ್ಯಾಲಿನೋರಿಗೆ ಹೇಳ್ರಿ.’

ಎಷ್ಟು ಸಲ ತೆಗೆದೆವು? ಗೆಳೆಯರಿಗೆ ಹೇಳುವಾಗ ಹದಿನಾಲ್ಕು ಎನ್ನುತ್ತೇನೆ. ಅದು ನಾನೇ ಕಟ್ಟಿದ್ದು. ಕೊನೆಗೆ ಅವಳು ನಾನು ಬರೆದ ಕನ್ನಡವನ್ನು ಶಾಲೆಯ ಮಗುವಿನಂತೆ ಒಪ್ಪಿಸಿದಳು. ರಂಗನಾಥ, ‘ಕಾರ್ಡ್ ತುಂಬೋಯ್ತು ಕಣಕ್ಕ, ನಾಳೀಕೆ ಮದ್ವೆ ಐತೆ. ತೆಲುಗಿನವೆಲ್ಲ ಅಳಿಸ್ಲಾ?’ ಎಂದ. ಒಂದು ಗಳಿಗೆ ಹಿಂಜರಿದೆ ಎಂದು ಬರೆಯಲು ಆಸೆ. ಹಿಂಜರಿಯಲಿಲ್ಲ. ಅಳಿಸು ಎಂದೆ.

ಬೆಂಗಳೂರಿನಲ್ಲಿ ಚಿತ್ರೋತ್ಸವಕ್ಕೆ ಆಯ್ಕೆ ಮಾಡುವವರೊಬ್ಬರು ಸಿನಿಮಾ ನೋಡಿ, ‘ತಾಯಿ ಬಾಯಿಪಾಠ ಒಪ್ಪಿಸಿದ ಹಾಗಿದೆ. ಅವರಿಗೆ ಕನ್ನಡ ಬರುವುದಿಲ್ಲವೇ?’ ಎಂದರು. ಉಳಿದ ಕಡೆಯಿಂದ ಉತ್ತರವೇ ಇಲ್ಲ. ತೆಗೆದದ್ದರಲ್ಲೆಲ್ಲ ಜೀವವಿದ್ದದ್ದು ಆ ತೆಲುಗು ಅರ್ಜಿಗೆ ಮಾತ್ರ. ಈಗ ಅದಿಲ್ಲ. ಮತ್ತೊಂದು ತೆಗೆಯುತ್ತೇನೆಂಬ ನಂಬಿಕೆಯೂ ಇಲ್ಲ.

ಕುರಿ ಹಟ್ಟಿ ಸೇರಿದ ಮೇಲೆ ಚಿಗವ್ವ ಫೋನ್ ಮಾಡುತ್ತಾಳೆ. ‘ಉಂಡ್ಯೇನವ್ವ? ನಾ ಅಂದಿದ್ದು ಮ್ಯಾಲಿನೋರು ನೋಡಿದ್ರೇನು? ಗೇಟು ಇನ್ನಾ ಇಟ್ಟಿಲ್ಲ.’

‘ತಿಳಿಸ್ತಾರಂತ, ಚಿಗವ್ವ.’

‘ತಿಳಿಸ್ಲಿ ತಗಾ. ದೊಡ್ಡ ಊರಾಗ ಅದೀ, ನಿನ್ ಮಾತು ಕೇಳ್ತಾರ.’

ನಿನ್ನೆ ಮತ್ತೊಂದು ಬಿಳಿ ಗೋಡೆ. ಕ್ಯಾಮೆರಾದ ಕೆಂಪು ದೀಪ ಹತ್ತಿದೊಡನೆ ನನ್ನ ಕೈಗಳು ತಾವಾಗಿಯೇ ನಮಸ್ಕಾರಕ್ಕೆ ಕೂಡಿಕೊಂಡವು, ಬಾಯಿಗೆ ಹಿಂದಿ ಬಂತು. ಊರು ಕೇಳಿದರು. ರಾಯದುರ್ಗ ಎಂದೆ. ಎಲ್ಲಿದೆ ಎಂದರು. ಆಂಧ್ರದಲ್ಲಿ ಎಂದೆ. ‘ತೆಲುಗು’ ಎಂದು ಬರೆದುಕೊಂಡರು. ನಾನು ತಿದ್ದಲಿಲ್ಲ.

ತಿಳಿಸುತ್ತೇವೆ ಎಂದರು.